ಗೀರು ಯಾವುದು, ಗುರುತು ಯಾವುದು? ದುರ್ಗದ ಸುತ್ತ ಒಂದು ಭಾನುವಾರ

ಸೆಕೆಂಡ್ ಹ್ಯಾಂಡ್ ಗಿಟಾರ್ ಹುಡುಕುವವರಿಗೆ ಒಂದು ಸಾಲು ಬಾಯಿಪಾಠ ಆಗಿರುತ್ತದೆ: ‘ಸೌಂಡ್ ಚೆನ್ನಾಗಿದೆ, ಸಣ್ಣಪುಟ್ಟ ಗೀರು ಇದೆ, ಅದಕ್ಕೇ ಈ ರೇಟು.’ ಹೊಸ ಗಿಟಾರಿಗೂ ಈ ಗತಿ ತಪ್ಪಿದ್ದಲ್ಲ. ಪಾಲಿಶ್ ಒಳಗೆ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಸಾಕು, ಫ್ಯಾಕ್ಟರಿಯಲ್ಲೇ ಅದು ಎರಡನೇ ದರ್ಜೆಗೆ ಇಳಿದುಬಿಡಬಹುದು. ಅಮೆರಿಕದ ಗಿಬ್ಸನ್ ಕಂಪನಿ ಹಿಂದೆಲ್ಲ ಇಂಥ ಗಿಟಾರುಗಳ ತಲೆಯ ಹಿಂಭಾಗದಲ್ಲಿ ‘ಸೆಕೆಂಡ್’ ಎಂದು ಅಚ್ಚು ಒತ್ತಿಯೇ ಮಾರುತ್ತಿತ್ತು. ತಂತಿ ಮೀಟಿ ನೋಡಿದರೆ ಎಷ್ಟೋ ಸಲ ಮೊದಲನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ತಮಾಷೆ ನೋಡಿ. 1990ರ ದಶಕದಿಂದ ಫೆಂಡರ್ ಕಂಪನಿ ಹೊಚ್ಚಹೊಸ ಗಿಟಾರಿಗೆ ಬೇಕಂತಲೇ ಗೀರು ಹಾಕಿ, ಬಣ್ಣ ಕೆರೆದು, ‘ರೆಲಿಕ್’ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರುತ್ತಿದೆ. ಅದೇ ಕಂಪನಿಯಲ್ಲಿ 1950ರ ದಶಕದಲ್ಲಿ ಟಾಡಿಯೋ ಗೋಮೆಜ್ ಅಂತ ಒಬ್ಬ ಕೆಲಸಗಾರನಿದ್ದ. ತಾನು ಕೆಲಸ ಮಾಡಿದ ಗಿಟಾರಿನ ನೆಕ್‌ನ ಬುಡದಲ್ಲಿ ಪೆನ್ಸಿಲಿನಿಂದ ‘ಟಿ.ಜಿ.’ ಎಂದು ಬರೆಯುತ್ತಿದ್ದ. ಬಿಚ್ಚದ ಹೊರತು ಯಾರ ಕಣ್ಣಿಗೂ ಬೀಳದ ಆ ಎರಡು ಅಕ್ಷರಗಳನ್ನು ಇವತ್ತು ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ.

ಹಾಗಾಗಿ ಗಿಟಾರ್ ಬಲ್ಲವರು ಗೀರು ಕಂಡ ತಕ್ಷಣ ಮೂಗು ಮುರಿಯುವುದಿಲ್ಲ, ಮೂರು ಪ್ರಶ್ನೆ ಕೇಳುತ್ತಾರೆ. ಇದು ಮಾಡಿದವರ ಕೈಗುರುತಾ? ಬಳಸಿದವರಿಂದ ಆದ ಸವೆತವಾ? ಇಲ್ಲ, ನಿಜವಾಗಿಯೂ ಪೆಟ್ಟಾ? ನೆಕ್ ಬಾಗಿದ್ದರೆ, ಮರ ಸೀಳಿದ್ದರೆ, ತಂತಿ ಹಿಡಿಯುವ ಬ್ರಿಡ್ಜ್ ಎದ್ದಿದ್ದರೆ ಅದು ಪೆಟ್ಟು, ಬಿಟ್ಟುಬಿಡಿ. ಉಳಿದದ್ದೆಲ್ಲ ಬರೀ ಮೈಮೇಲಿನ ಕಥೆ.

ಗಿಟಾರ್ ಕಲಿಯುತ್ತಿರುವ ನನ್ನ ಚಿಕ್ಕಮ್ಮನ ಮಗ ಹೇಳಿಕೊಟ್ಟ ಪಾಠ ಇದು. ಈ ಮೂರು ಪ್ರಶ್ನೆಗಳನ್ನು ಗಿಟಾರಿಗೆ ಮಾತ್ರ ಯಾಕೆ ಕೇಳಬೇಕು ಅಂತ, ಇಬ್ಬರೂ ಒಂದು ಭಾನುವಾರ ಬೆಳಗ್ಗೆ ಬೆಂಗಳೂರು ಬಿಟ್ಟು ದುರ್ಗದ ಹೆದ್ದಾರಿ ಹಿಡಿದೆವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿ ಚಿತ್ರದುರ್ಗಕ್ಕೆ. ಬೇಗ ಹೊರಟರೆ ಒಂದೇ ದಿನದಲ್ಲಿ ಆಗುವ ಸುತ್ತು.

ಮೊದಲು ಹಿರಿಯೂರು. ಅಲ್ಲಿಂದ ವಾಣಿವಿಲಾಸ ಸಾಗರಕ್ಕೆ, ಊರವರ ಬಾಯಲ್ಲಿ ಮಾರಿಕಣಿವೆಗೆ. ವೇದಾವತಿ ನದಿಗೆ ಅಡ್ಡವಾಗಿ, ಎರಡು ಗುಡ್ಡಗಳ ನಡುವಿನ ಕಿರಿದಾದ ಜಾಗದಲ್ಲಿ 1898ರಿಂದ 1907ರವರೆಗೆ ಮೈಸೂರು ಸಂಸ್ಥಾನ ಕಟ್ಟಿಸಿದ ಕಲ್ಲಿನ ಕಟ್ಟೆ. ಕಟ್ಟೆಯ ಕಲ್ಲಿನ ಮೇಲೆ ಒಂದರ ಕೆಳಗೊಂದು ಮಾಸಲು ಗೆರೆಗಳು. ‘ಪೇಂಟ್ ಹೊಡೆಸಬಾರದಾ?’ ಅಂತ ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದವರೊಬ್ಬರು ಅಂದರು. ಆದರೆ ಅವು ಕೊಳೆ ಅಲ್ಲ, ನೀರು ನಿಂತು ಇಳಿದ ಲೆಕ್ಕ. ಹಿರಿಯೂರಿನಲ್ಲಿ ಮಳೆಗಾಲದಲ್ಲಿ ಇಬ್ಬರು ಎದುರಾದರೆ ‘ಡ್ಯಾಮು ಎಷ್ಟಡಿ ಆಯ್ತಂತೆ?’ ಎಂದೇ ಮಾತು ಶುರುವಾಗುತ್ತದೆ. ಪೂರ್ತಿ ತುಂಬಿದರೆ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಕೋಡಿ ನೋಡಲು ಜನ 2022ರವರೆಗೆ ಕಾಯಬೇಕಾಯಿತು, ಬರೋಬ್ಬರಿ 89 ವರ್ಷ. 2025ರಲ್ಲೂ ಮತ್ತೆ ಬಿತ್ತು. ನಡುವೆ ಇಡೀ ಒಂದು ತಲೆಮಾರು ತುಂಬಿದ ಕಟ್ಟೆ ನೋಡದೆ ಹೋಯಿತು. ಆ ಬರಗಾಲಗಳೆಲ್ಲ ಈ ಗೆರೆಗಳಲ್ಲಿವೆ. ಇದು ಎರಡನೇ ಬಗೆ, ಬಳಕೆಯ ಗುರುತು. ಬಹಳ ವರ್ಷ ನುಡಿಸಿದ ಗಿಟಾರಿನಲ್ಲಿ ಬೆರಳು ಊರುವ ಜಾಗ ಸವೆದಿರುತ್ತದಲ್ಲ, ಹಾಗೆ.

ಅಲ್ಲಿಂದ ಹೊಸದುರ್ಗದ ಕಡೆ. ದಾರಿಯುದ್ದಕ್ಕೂ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು. ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಒಂದು ಹಳೆಯ ಹೆಸರಿದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಊರಿನಲ್ಲಿ ಬಳೆಗೆ ಬೇಕಾದ ಗಾಜು ಕಾಯಿಸುವ ಕುಲುಮೆಗಳ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. ಕೈಯಲ್ಲಿ ಮಾಡಿದ ಹಳೆಯ ಗಾಜನ್ನು ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಗುಳ್ಳೆಗಳು ಕಾಣುತ್ತವೆ. ಈಗಿನ ಅಂಗಡಿಯಲ್ಲಾದರೆ ‘ಡಿಫೆಕ್ಟ್’ ಅಂತ ವಾಪಸ್ ಕೊಡುತ್ತೇವೆ. ಹಳೆಯದನ್ನು ಅಗೆದು ತೆಗೆಯುವವರಿಗೆ ಮಾತ್ರ ಆ ಗುಳ್ಳೆಯೇ ಸಾಕ್ಷಿ. ಇದು ಅಚ್ಚಿನಿಂದ ಬಿದ್ದ ಮಾಲಲ್ಲ, ಒಬ್ಬ ಮನುಷ್ಯ ಬೆಂಕಿಯ ಮುಂದೆ ಕೂತು ಮಾಡಿದ್ದು ಅಂತ.

ಹೊಳಲ್ಕೆರೆಯಲ್ಲಿ ಬಯಲು ಗಣಪ. ದೊಡ್ಡ ಮೂರ್ತಿ. ಎಲ್ಲರೂ ಮುಂದೆ ನಿಂತು ಕೈಮುಗಿದು ಹೊರಡುತ್ತಾರೆ. ನೀವು ಒಮ್ಮೆ ಹಿಂದಕ್ಕೆ ಹೋಗಿ. ಗಣಪನ ಬೆನ್ನ ಮೇಲೆ ಜಡೆ ಇದೆ! ಗೋಡೆಗೆ ಒರಗಿಸುವ ಮೂರ್ತಿಗೆ ಬೆನ್ನ ಕಡೆ ಕೆತ್ತನೆ ಯಾಕೆ ಅಂತ ಬಿಟ್ಟುಬಿಡುವುದುಂಟು. ಇಲ್ಲಿನ ಶಿಲ್ಪಿ ಹಾಗೆ ಬಿಡಲಿಲ್ಲ. ‘ಗಿಟಾರ್ ಕೊಳ್ಳುವಾಗಲೂ ಮೊದಲು ತಿರುಗಿಸಿ ಬೆನ್ನು ನೋಡಬೇಕು ಅಕ್ಕ, ಮಾಡಿದವನ ನಿಯತ್ತು ಅಲ್ಲಿ ಗೊತ್ತಾಗುತ್ತೆ’ ಅಂದ ತಮ್ಮ.

ಚಿತ್ರದುರ್ಗ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಪೇಟೆಯಲ್ಲಿ ಚಳ್ಳಕೆರೆ ಕಡೆಯ ಕಂಬಳಿ ಇಟ್ಟುಕೊಂಡು ಒಬ್ಬ ಅಜ್ಜ ಕೂತಿದ್ದರು. ಕುರಿಯ ಉಣ್ಣೆಯನ್ನು ಕೈಯಲ್ಲಿ ನೂತು, ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಚ್ಚಿ ಗಟ್ಟಿ ಮಾಡಿದ ಕಂಬಳಿ. ತಮ್ಮ ಒಂದನ್ನು ಬಿಡಿಸಿ ನೋಡಿದ. ಒಂದು ಕಡೆ ಕಡುಗಪ್ಪು, ಇನ್ನೊಂದು ಕಡೆ ಕಂದು.

‘ಅಜ್ಜ, ಬಣ್ಣ ಒಂದೇ ಸಮ ಇಲ್ವಲ್ಲ?’

‘ಇದು ಕುರಿ ಬಣ್ಣ ಕಣಪ್ಪ, ಡಬ್ಬಿ ಬಣ್ಣ ಅಲ್ಲ. ಎಲ್ಲ ಕುರೀನೂ ಒಂದೇ ಥರ ಇರ್ತವಾ?’

ನಕ್ಕೆವು. ಆದರೆ ಅಜ್ಜ ಮುಂದೆ ಹೇಳಿದ್ದು ನಗುವ ಮಾತಾಗಿರಲಿಲ್ಲ. ‘ನೂಲು ದಪ್ಪ ಸಣ್ಣ ಐತೆ, ಗಂಟು ಐತೆ ಅಂತ ಅರ್ಧ ರೇಟಿಗೆ ಕೇಳ್ತಾರೆ. ಮಿಲ್ಲಿನ ಕಂಬಳಿ ನೋಡಿದ ಕಣ್ಣು. ಮಗ್ಗದ ಮುಂದೆ ಕೂರಾಕೆ ನಮ್ಮ ಹುಡುಗರು ಯಾಕೆ ಬರ್ತಾರೆ ಹೇಳು?’

ನಮ್ಮ ಕಣ್ಣಿನ ಅಭ್ಯಾಸಕ್ಕೆ ಬೆಲೆ ತೆರುವವರು ಯಾರು ಅಂತ ಗೊತ್ತಾಗುವುದು ಇಲ್ಲಿ. ಮಾಡಿದವರ ಗುರುತನ್ನು ನಾವು ದೋಷ ಅಂತ ಲೆಕ್ಕ ಹಾಕಿದಾಗಲೆಲ್ಲ ಆ ಕಡಿತ ಕಂಪನಿಯ ಖಾತೆಯಿಂದಲ್ಲ, ಇಂಥ ಅಜ್ಜಂದಿರ ಜೇಬಿನಿಂದ ಹೋಗುತ್ತದೆ.

ಬಿಸಿಲು ಇಳಿದ ಮೇಲೆ ಕೋಟೆ ಹತ್ತಿದೆವು. ಏಳುಸುತ್ತಿನ ಕೋಟೆ, ಪಾಳೆಯಗಾರರ ಕೋಟೆ, 1779ರಲ್ಲಿ ಹೈದರಾಲಿಯ ಕೈಸೇರಿದ ಕೋಟೆ. ಓಬವ್ವನ ಕಿಂಡಿ, ಮದ್ದು ಬೀಸುವ ಕಲ್ಲು, ಅಕ್ಕ-ತಂಗಿ ಹೊಂಡ ಎಲ್ಲ ನೋಡಿಯೇ ನೋಡುತ್ತೀರಿ. ಅವುಗಳ ಮಧ್ಯೆ ಒಂದು ಸಣ್ಣ ವಿಷಯ ಗಮನಿಸಿ. ಗೋಡೆಯ ಕಲ್ಲುಗಳ ಅಂಚಿನಲ್ಲಿ, ಅಲ್ಲಲ್ಲಿ ಬಂಡೆಗಳ ಮೇಲೆ, ಸಾಲಾಗಿ ಸಣ್ಣ ಸಣ್ಣ ಕುಳಿಗಳು. ದೂರದಿಂದ ಹಲ್ಲಿನ ಸಾಲಿನ ಥರ ಕಾಣುತ್ತವೆ. ಮೊದಲ ಸಲ ನೋಡಿದವರಿಗೆ ಇದೇನು ಗುಂಡೇಟಿನ ಗುರುತಾ ಅನ್ನಿಸಬಹುದು.

ಅವು ಬೆಣೆಯ ಗುಂಡಿಗಳು. ಕಲ್ಲು ಸೀಳಬೇಕಾದ ಕಡೆ ಗೆರೆ ಹಾಕಿ, ಚಾಣದಿಂದ ಒಂದರ ಪಕ್ಕ ಒಂದು ಕುಳಿ ತೋಡಬೇಕು. ಪ್ರತಿ ಕುಳಿಗೂ ಬೆಣೆ ಇಟ್ಟು ಈ ತುದಿಯಿಂದ ಆ ತುದಿಗೆ ಸರದಿಯಲ್ಲಿ ಹೊಡೆಯುತ್ತಾ ಹೋಗಬೇಕು. ಒಂದೇ ಬೆಣೆಗೆ ಜೋರಾಗಿ ಹೊಡೆದರೆ ಕಲ್ಲು ಹೇಗೆಂದರೆ ಹಾಗೆ ಒಡೆಯುತ್ತದೆ. ಎಲ್ಲಕ್ಕೂ ಒಂದೇ ಹದದಲ್ಲಿ ಹೊಡೆದರೆ ಗೆರೆ ಎಳೆದಂತೆ ಎರಡು ಹೋಳು. ಪ್ರತಿ ಹೋಳಿನ ಅಂಚಿಗೂ ಅರ್ಧರ್ಧ ಕುಳಿ ಉಳಿಯುತ್ತದೆ. ಕೆಲವು ಕಡೆ ಕುಳಿ ತೋಡಿದ್ದಾರೆ, ಕಲ್ಲು ಸೀಳಿಲ್ಲ. ಅಲ್ಲಿಗೇ ಕೆಲಸ ನಿಂತುಹೋಗಿದೆ.

ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ಅದರ ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರ ವರ್ಷ ದಾಟಿದ ಮೇಲೂ ಅವನ ಹೆಸರು ನಮಗೆ ಗೊತ್ತು. ಫೆಂಡರ್‌ನ ಗೋಮೆಜ್‌ಗೆ ಎರಡು ಅಕ್ಷರ ಬರೆಯುವ ಅವಕಾಶವಾದರೂ ಇತ್ತು. ಈ ಕೋಟೆಯ ಕಲ್ಲು ಸೀಳಿದವರಿಗೆ ಅದೂ ಇರಲಿಲ್ಲ. ಕಲ್ಲು ಕೆಲಸವನ್ನೇ ಕುಲಕಸುಬಾಗಿ ನಂಬಿ ಬಂದ ಭೋವಿ ಸಮುದಾಯದ ಗುರುಪೀಠ ಇವತ್ತಿಗೂ ಇದೇ ಊರಿನಲ್ಲಿದೆ. ಕೋಟೆಯ ಕಥೆ ಹೇಳುವಾಗ ಮಾತ್ರ ನಾಯಕರ ಹೆಸರು ಬರುತ್ತದೆ, ಕಲ್ಲೊಡೆದವರದು ಬರುವುದಿಲ್ಲ. ಅವರ ರುಜು ಅಂತ ಉಳಿದಿರುವುದು ಈ ಅರ್ಧ ಕುಳಿಗಳು ಮಾತ್ರ.

ಅವುಗಳ ಪಕ್ಕದಲ್ಲೇ ಇನ್ನೊಂದು ಥರದ ಗೀರು: ಹೃದಯದ ಚಿತ್ರ, ಬಾಣ, ಎರಡು ಹೆಸರು, ಒಂದು ತಾರೀಖು. ಇದು ಮಾಡಿದವರದೂ ಅಲ್ಲ, ಬಳಸಿದವರದೂ ಅಲ್ಲ. ಶುದ್ಧ ಪೆಟ್ಟು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು ಅಂತ ಕಾನೂನಿದೆ. ಆದರೆ ದಂಡಕ್ಕಿಂತ ದೊಡ್ಡ ನಷ್ಟ ಬೇರೆ. ಹೆಸರು ಬರೆಯಲು ಆಗದವರು ಬಿಟ್ಟುಹೋದ ಒಂದೇ ಒಂದು ಗುರುತಿನ ಮೇಲೆ ನಾವು ನಮ್ಮ ಹೆಸರು ಗೀಚಿದರೆ, ಅವರನ್ನು ಎರಡನೇ ಸಲ ಅಳಿಸಿದ ಹಾಗೆ.

ದುರ್ಗಕ್ಕೆ ಹೋಗುವವರು ಬೆಳಗ್ಗೆಯೋ ಸಂಜೆಯೋ ಕೋಟೆ ಹತ್ತಿ, ಓರೆ ಬಿಸಿಲಿನಲ್ಲಿ ಕುಳಿಗಳ ನೆರಳು ಚೆನ್ನಾಗಿ ಬೀಳುತ್ತದೆ. ನೀರಿನ ಬಾಟಲಿ ಮರೆಯಬೇಡಿ. ಒಂದು ಕುಳಿಗೆ ಬೆರಳಿಟ್ಟು ನೋಡಿ, ಬೆರಳ ತುದಿ ಸರಿಯಾಗಿ ಕೂರುತ್ತದೆ. ಪೇಟೆಯಲ್ಲಿ ಕಂಬಳಿ ಇಷ್ಟವಾದರೆ ಗಂಟು ಎಣಿಸದೆ ಹೇಳಿದ ರೇಟು ಕೊಟ್ಟು ತನ್ನಿ. ನಾವು ತಂದ ಕಂಬಳಿಯಲ್ಲಿ ಎರಡು ಬಣ್ಣ, ಏಳೆಂಟು ಗಂಟು ಇವೆ. ಚಳಿಗೆ ಬೆಚ್ಚಗಿದೆ.