ಒಂದು ಲೋಟ ಕಹಿ

ಈ ಸಲದ ಬರಹದ ವಿಷಯ ಬಿಯರ್ ಎಂದೊಡನೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಕ್ಕಾರು. ಮೂವತ್ತನಾಲ್ಕು ವರ್ಷ ಮಲೆನಾಡಿನ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿದ ನಾನು, ಪ್ರತಿ ವರ್ಷವೂ ಏಳನೆಯ ತರಗತಿಯ ಮಕ್ಕಳಿಂದ ‘ಮದ್ಯಪಾನದ ದುಷ್ಪರಿಣಾಮಗಳು’ ಎಂಬ ಪ್ರಬಂಧವನ್ನು ತಪ್ಪದೆ ಬರೆಸಿದವನು. ಆ ಪ್ರಬಂಧದ ಒಂದು ಸಾಲನ್ನೂ ಇಂದು ಹಿಂತೆಗೆದುಕೊಳ್ಳಲಾರೆ. ಆದರೆ 2019ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ಕೆಂಟ್ ಕೌಂಟಿಯ ಫ್ಯಾವರ್ಶಮ್ ಎಂಬ ಊರಿನಲ್ಲಿ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿನ ಜನ ‘ಕಹಿ’ ಎಂದೇ ಹೆಸರಿಟ್ಟು ಪ್ರೀತಿಯಿಂದ ಕುಡಿಯುವ ಪಾನೀಯವೊಂದನ್ನು ರುಚಿ ನೋಡುವ ಸಂದರ್ಭ ಒದಗಿತು. ಅದರಿಂದ ಹುಟ್ಟಿದ ಆಲೋಚನೆಗಳನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಇಂಗ್ಲಿಷಿನಲ್ಲಿ ಅದರ ಹೆಸರು ‘ಬಿಟರ್’. 19ನೆಯ ಶತಮಾನದಲ್ಲಿ ಬ್ರೂವರಿಗಳು ‘ಪೇಲ್ ಏಲ್’ ಎಂದು ಮಾರುತ್ತಿದ್ದುದನ್ನು ಪಬ್ಬಿಗೆ ಬರುತ್ತಿದ್ದ ಗಿರಾಕಿಗಳು ಬಿಟರ್ ಎಂದು ಕರೆಯತೊಡಗಿದರಂತೆ. ‘ಮೈಲ್ಡ್’ ಎಂಬ ಸೌಮ್ಯವಾದ ಬಿಯರಿನಿಂದ ಅದನ್ನು ಬೇರ್ಪಡಿಸಿ ಹೇಳಲು. ಜನ ಇಟ್ಟ ಹೆಸರೇ ಉಳಿಯಿತು. ಕಹಿಯನ್ನು ಮುಚ್ಚಿಡದೆ ಹೆಸರಿನಲ್ಲಿಯೇ ಹೇಳಿಕೊಳ್ಳುವ ಈ ನೇರ ನಡೆ ನನಗೆ ಹಿಡಿಸಿತು. ನಮ್ಮ ಷಡ್ರಸಗಳಲ್ಲಿ ಕಹಿಗೂ ಒಗರಿಗೂ ಬೇರೆ ಬೇರೆ ಸ್ಥಾನವಿದೆ. ಹಾಗಲಕಾಯಿ ಗೊಜ್ಜು, ಮೆಂತ್ಯದ ದೋಸೆ, ಗಟ್ಟಿ ಡಿಕಾಕ್ಷನ್ನಿನ ಕಾಫಿ, ಇವನ್ನು ಉಂಡು ಕುಡಿದು ಬೆಳೆದ ನಾಲಿಗೆಗೆ ಕಹಿ ಅಪರಿಚಿತವೇನಲ್ಲ.

ಮಗಳ ನೆರೆಮನೆಯಲ್ಲಿ ಎಪ್ಪತ್ತಾರು ವರ್ಷದ ಹಿರಿಯರೊಬ್ಬರಿದ್ದರು. ಅವರೂ ನಿವೃತ್ತ ಉಪಾಧ್ಯಾಯರು, ಭೂಗೋಳದವರು. ಇಬ್ಬರು ಮೇಷ್ಟ್ರುಗಳು ಬೇಲಿಯ ಆಚೀಚೆ ನಿಂತರೆ ಮಾತಿಗೆ ಬರವೇ? ನಾನು ಕಾಫಿ ಮತ್ತು ಮೆಣಸು ಬೆಳೆಯುವ ಊರಿನವನೆಂದು ತಿಳಿದದ್ದೇ ತಡ, “ಹಾಗಾದರೆ ನಮ್ಮ ಬಳ್ಳಿಯನ್ನೂ ನೋಡಬೇಕು” ಎಂದು ಒಂದು ಬೆಳಿಗ್ಗೆ ಹಾಪ್ ತೋಟಕ್ಕೆ ಕರೆದೊಯ್ದರು.

ಸಾಲುಸಾಲು ಎತ್ತರದ ಕಂಬಗಳು, ಕಂಬದಿಂದ ಕಂಬಕ್ಕೆ ತಂತಿ, ತಂತಿಯಿಂದ ನೆಲಕ್ಕೆ ಇಳಿಬಿಟ್ಟ ದಾರ, ಆ ದಾರವನ್ನು ಸುತ್ತಿಕೊಂಡು ಮೇಲೇರಿದ ಹಸಿರು ಬಳ್ಳಿ. ದೂರದಿಂದ ನೋಡಿದರೆ ನಮ್ಮ ವೀಳ್ಯದೆಲೆಯ ತೋಟವೇ. ಆದರೆ ಮೆಣಸಿನ ಬಳ್ಳಿಯಂತೆ ಇದು ವರ್ಷವಿಡೀ ಹಸಿರಾಗಿರುವುದಿಲ್ಲ. ಚಳಿಗಾಲಕ್ಕೆ ನೆಲದ ಮೇಲಿನ ಭಾಗವೆಲ್ಲ ಒಣಗಿ, ವಸಂತದಲ್ಲಿ ಬೇರಿನಿಂದ ಮತ್ತೆ ಚಿಗುರಿ, ಒಂದೇ ಬೇಸಿಗೆಯಲ್ಲಿ ಮೂರಾಳೆತ್ತರ ಏರುತ್ತದೆ. ಅದರ ಹೆಣ್ಣು ಹೂಗೊಂಚಲು ಕಾಗದದಷ್ಟು ತೆಳುವಾದ ಪಕಳೆಗಳ ಪುಟ್ಟ ಶಂಕು. ಅವರು ಒಂದನ್ನು ಕಿತ್ತು ಬಿಡಿಸಿ ತೋರಿಸಿದರು. ಪಕಳೆಗಳ ಬುಡದಲ್ಲಿ ಅರಿಶಿನದಂಥ ಹಳದಿ ಪುಡಿ. ಬಿಯರಿನ ಕಹಿಯೂ ಪರಿಮಳವೂ ಅದರಲ್ಲೇ ಇರುವುದು. ಅಂಗೈಯಲ್ಲಿಟ್ಟು ಉಜ್ಜಿ ಮೂಸಿದೆ. ಕಿತ್ತಳೆಯ ಸಿಪ್ಪೆ, ಮಳೆಯಲ್ಲಿ ನೆನೆದ ಹುಲ್ಲು, ಎಳೆಯ ಮೆಣಸು, ಎಲ್ಲವೂ ಬೆರೆತ ಒಂದು ವಾಸನೆ. ಕೈ ತೊಳೆದರೂ ಅಂಟು ಹೋಗಲಿಲ್ಲ. ಮಧ್ಯಾಹ್ನ ಅನ್ನ ಕಲಸಿದಾಗ ಮೊದಲ ತುತ್ತು ಕಹಿಯಾಗಿತ್ತು.

ಇದನ್ನು ಹೇಳಿದಾಗ ಆ ಹಿರಿಯರು ನಕ್ಕು ತಮ್ಮ ಬಾಲ್ಯದ ಕಥೆ ತೆಗೆದರು. ಅವರು ಹುಟ್ಟಿದ್ದು ಲಂಡನ್ನಿನ ಪೂರ್ವದ ಬಡ ಕೇರಿಯಲ್ಲಿ. ಯಂತ್ರಗಳು ಬರುವ ಮುನ್ನ, ಸರಿಸುಮಾರು 1950ರ ದಶಕದವರೆಗೂ, ಪ್ರತಿ ಸೆಪ್ಟೆಂಬರಿನಲ್ಲಿ ಆ ಕೇರಿಗಳ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಪಾತ್ರೆ ಹಾಸಿಗೆ ಹೊತ್ತು, ರೈಲಿನಲ್ಲಿ ಕೆಂಟಿಗೆ ಹಾಪ್ ಬಿಡಿಸಲು ಬರುತ್ತಿದ್ದರು. ತೋಟದ ಅಂಚಿನ ಗುಡಿಸಿಲುಗಳಲ್ಲಿ ವಾಸ, ಬುಷೆಲ್ ಲೆಕ್ಕದಲ್ಲಿ ಕೂಲಿ. ಲಂಡನ್ನಿನ ಹೊಗೆಯಿಂದ ಪಾರಾದ ಮಕ್ಕಳಿಗೆ ಅದೊಂದು ರಜೆಯೂ ಹೌದು. ಕೆಂಟಿನ ಶಾಲೆಗಳಂತೂ ಹಾಪ್ ಕೊಯ್ಲಿಗೆ ತಕ್ಕಂತೆ ರಜೆಯನ್ನೇ ಹೊಂದಿಸಿಕೊಳ್ಳುತ್ತಿದ್ದವಂತೆ. ಕಾಫಿ ಕೊಯ್ಲು ಶುರುವಾದೊಡನೆ ಹಾಜರಿ ಪುಸ್ತಕದ ತುಂಬ ಗೈರುಹಾಜರಿ ಗುರುತು ಹಾಕುತ್ತಿದ್ದ ನನಗೆ ಈ ಮಾತು ಎಷ್ಟು ಹತ್ತಿರದ್ದೆನಿಸಿತೆಂದು ಬೇರೆ ಹೇಳಬೇಕಾಗಿಲ್ಲ. “ಅಮ್ಮ ಕೊಡುತ್ತಿದ್ದ ಬ್ರೆಡ್ಡೂ ಕಹಿಯಾಗಿರುತ್ತಿತ್ತು, ಅವಳ ಬೆರಳುಗಳು ಸಂಜೆಗೆ ಕಪ್ಪಾಗಿರುತ್ತಿದ್ದವು” ಎಂದರು. ಇಂಗ್ಲೆಂಡಿನಲ್ಲಿ ಹಾಪ್ ಬೆಳೆ ಶಿಖರ ಮುಟ್ಟಿದ್ದು 1878ರಲ್ಲಿ, ಸುಮಾರು 72,000 ಎಕರೆ. ಇಂದು ಉಳಿದಿರುವುದು ಅದರ ಒಂದು ಸಣ್ಣ ಅಂಶ ಮಾತ್ರ. ಹೂವು ಒಣಗಿಸುತ್ತಿದ್ದ, ಮೊನಚು ಮಾಡಿನ ‘ಓಸ್ಟ್’ ಕಟ್ಟಡಗಳಲ್ಲಿ ಹೆಚ್ಚಿನವು ಈಗ ವಾಸದ ಮನೆಗಳಾಗಿವೆ.

ಸಾಮಾನ್ಯವಾಗಿ ಹಾಪ್ ಹೂವನ್ನು ಒಣಗಿಸಿ, ಒತ್ತಿ ಮೂಟೆ ಕಟ್ಟಿಟ್ಟು ವರ್ಷವಿಡೀ ಬಳಸುತ್ತಾರೆ. ಕೊಯ್ಲಿನ ಕೆಲವು ವಾರ ಮಾತ್ರ ಕೆಂಟಿನ ಹಲವು ಬ್ರೂವರಿಗಳು ಹಸಿ ಹೂವನ್ನೇ ಹಾಕಿ ‘ಗ್ರೀನ್ ಹಾಪ್ ಏಲ್’ ತಯಾರಿಸುತ್ತವೆ. ಹಸಿ ಹೂವಿನ ತೂಕದಲ್ಲಿ ಹೆಚ್ಚಿನ ಪಾಲು ನೀರೇ ಆದ್ದರಿಂದ ಒಣಗಿದ್ದಕ್ಕಿಂತ ಐದಾರು ಪಟ್ಟು ಬೇಕಾಗುತ್ತದೆ. ಕೊಯ್ದ ಕೆಲವೇ ಗಂಟೆಗಳಲ್ಲಿ ಅದು ಹಂಡೆ ಸೇರಬೇಕು, ಇಲ್ಲವಾದರೆ ಬಾಡಿ ಮುಗ್ಗಲಾಗುತ್ತದೆ. ತೋಟಕ್ಕೆ ಹತ್ತಿರವಿರುವ ಬ್ರೂವರಿಗಷ್ಟೇ ಒದಗುವ ಸೌಭಾಗ್ಯವಿದು. ಸೆಪ್ಟೆಂಬರಿನ ಕೊನೆಗೆ ಪಬ್ಬುಗಳಿಗೆ ಬಂದು, ಅಕ್ಟೋಬರ್ ಕಳೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಮುಂದಿನದಕ್ಕೆ ಮುಂದಿನ ಕೊಯ್ಲನ್ನೇ ಕಾಯಬೇಕು.

ಹಿರಿಯರು ನನ್ನನ್ನೂ ಅಳಿಯನನ್ನೂ ಒಂದು ಶನಿವಾರ ಮಧ್ಯಾಹ್ನ ಪಬ್ಬಿಗೆ ಆಹ್ವಾನಿಸಿದರು. ಕುಡಿಯಲೇಬೇಕೆಂಬ ಒತ್ತಾಯವಿರಲಿಲ್ಲ. ಒಂದು ಸಂಗತಿಯನ್ನು ಮಾತ್ರ ಅವರೇ ಮುಂಚಿತವಾಗಿ ತಿಳಿಸಿದರು. ಬಿಯರನ್ನು ತಿಳಿಗೊಳಿಸಲು ‘ಐಸಿಂಗ್ಲಾಸ್’ ಎಂಬ ಪದಾರ್ಥವನ್ನು ಹಾಕುವ ರೂಢಿಯಿದೆ. ಅದನ್ನು ಮಾಡುವುದು ಮೀನಿನ ಗಾಳಿಚೀಲದಿಂದ. ಸಸ್ಯಾಹಾರಿಗಳು ವಿಚಾರಿಸಿಯೇ ಕುಡಿಯಬೇಕು. ಅಂದು ಆ ಪಬ್ಬಿನಲ್ಲಿದ್ದ ಹಸಿರು ಹಾಪಿನ ಬಿಟರ್‌ಗೆ ಅದನ್ನು ಹಾಕಿರಲಿಲ್ಲ. ಹಾಗಾಗಿ ತುಸು ಮಬ್ಬಾಗಿತ್ತು. ಪರದೇಶದ ಅತಿಥಿಯ ಆಹಾರನಿಯಮವನ್ನು ಅಷ್ಟು ನೆನಪಿಟ್ಟುಕೊಂಡವರ ಮಾತನ್ನು ತಳ್ಳಿಹಾಕಲು ಮನಸ್ಸಾಗಲಿಲ್ಲ.

ಪಬ್ಬಿನ ನೆಲಮಾಳಿಗೆಯನ್ನು ಮಾಲೀಕರು ತೋರಿಸಿದರು. ಅಡ್ಡ ಮಲಗಿಸಿದ ಪೀಪಾಯಿಗಳು. ‘ಫರ್ಕಿನ್’ ಎಂಬ ಅಳತೆಯ ಒಂದರಲ್ಲಿ 72 ಪೈಂಟ್, ಅಂದರೆ ಸುಮಾರು 41 ಲೀಟರ್. ಬ್ರೂವರಿಯಿಂದ ಬಂದಾಗಲೂ ಅದರೊಳಗೆ ಯೀಸ್ಟ್ ಜೀವಂತವಾಗಿದ್ದು ಹುದುಗು ಮುಂದುವರಿದಿರುತ್ತದೆ. ನಮ್ಮ ದೋಸೆಹಿಟ್ಟು ರಾತ್ರಿ ಉಕ್ಕುವಂತೆಯೇ. ಪೀಪಾಯಿಯನ್ನು ಅಲುಗಿಸದೆ ಮಲಗಿಸಿ, ಮೇಲಿನ ರಂಧ್ರದ ಮರದ ಬೆಣೆಯ ಮೂಲಕ ಹೆಚ್ಚಿನ ಅನಿಲವನ್ನು ಬಿಟ್ಟು, ಮಡ್ಡಿ ತಳಕ್ಕಿಳಿಯುವವರೆಗೆ ಕಾಯಬೇಕು. 11ರಿಂದ 13 ಡಿಗ್ರಿಯಷ್ಟು ತಂಪು ಸಾಕು, ಮಂಜುಗಡ್ಡೆಯ ಚಳಿ ಬೇಡ. ಒಮ್ಮೆ ತೆರೆದರೆ ಒಳಗೆ ಗಾಳಿ ಸೇರುವುದರಿಂದ ಮೂರು ದಿನಗಳೊಳಗೆ ಖಾಲಿ ಮಾಡಬೇಕು. ತಯಾರಿಸಿದವನ ಕೈಚಳಕದಷ್ಟೇ ಇಟ್ಟುಕೊಂಡವನ ಜತನವೂ ಇದಕ್ಕೆ ಮುಖ್ಯ.

ಮೇಲೆ ಬಂದಾಗ ಮಾಲೀಕರು ಉದ್ದನೆಯ ಹಿಡಿಕೆಯ ಕೈಪಂಪನ್ನು ನಿಧಾನವಾಗಿ ಎಳೆದು ಅರ್ಧ ಪೈಂಟ್ ತುಂಬಿಕೊಟ್ಟರು. ತಿಕ್ಕಿದ ತಾಮ್ರದ ಚೆಂಬಿನ ಬಣ್ಣ, ಮೇಲೆ ತೆಳುವಾದ ನೊರೆ. “ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ. ನುಂಗಿದ ಮೇಲೆ ಹತ್ತು ಎಣಿಸಿ” ಎಂದು ಭೂಗೋಳದ ಮೇಷ್ಟ್ರು ಸೂಚನೆ ಕೊಟ್ಟರು. ಮೊದಲು ಮೂಸಿದೆ, ತೋಟದಲ್ಲಿ ಅಂಗೈಗೆ ಅಂಟಿದ್ದ ವಾಸನೆಯೇ, ಆದರೆ ಜೇನು ಬೆರೆತಂತೆ ಮೃದುವಾಗಿತ್ತು. ಬಾಯಿಗಿಟ್ಟಾಗ ಮೊದಲು ಸಿಕ್ಕಿದ್ದು ಕಹಿಯಲ್ಲ, ಹುರಿದ ಧಾನ್ಯದ ಸಿಹಿ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದೇ ಮಾಲ್ಟ್. ನಮ್ಮ ತಾಯಂದಿರು ಕೂಸುಗಳಿಗಾಗಿ ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಬೀಸುವುದೂ ಇದೇ ವಿದ್ಯೆ, ಆ ಸಿಹಿಯೂ ಅದೇ. ಎರಡನೆಯದಾಗಿ ಬಂದದ್ದು ಹಸಿರು ಸೊಪ್ಪಿನ ತಾಜಾತನ. ನುಂಗಿ ನಾಲ್ಕೈದು ಎಣಿಸುವಷ್ಟರಲ್ಲಿ ನಾಲಿಗೆಯ ಹಿಂಭಾಗದಿಂದ ಕಹಿ ಮೆಲ್ಲನೆ ಎದ್ದು ಬಂತು. ಬೇವಿನಂತೆ ಮುಖ ಕಿವುಚಿಸುವ ಕಹಿಯಲ್ಲ. ಕಾಫಿಯ ಕೊನೆಯ ಗುಟುಕಿನಂತೆ, ಜೊತೆಗೊಂದಿಷ್ಟು ಒಗರು. ಬಾಯಿ ಶುಷ್ಕವಾಗಿ, ಹಿಂದಿನ ಸಿಹಿಯನ್ನು ಅಳಿಸಿ, ಮತ್ತೊಂದು ಗುಟುಕಿಗೆ ಎಡೆಮಾಡಿಕೊಡುವ ಕಹಿ. ಆ ಅರ್ಧ ಪೈಂಟನ್ನು ಮುಗಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಹಿರಿಯರು ಅಷ್ಟು ಹೊತ್ತಿನಲ್ಲಿ ಒಂದು ಪೈಂಟ್ ಕುಡಿದು ಲೋಟವನ್ನು ಮಗುಚಿಟ್ಟರು. ವಾರಕ್ಕೆ ಅವರ ಅಳತೆ ಅಷ್ಟೇ.

ಈ ಜೀವಂತ ಬಿಯರ್ ಒಮ್ಮೆ ಅಳಿಯುವ ಸ್ಥಿತಿಗೆ ಬಂದಿತ್ತು. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಸೋಸಿ, ಪಾಶ್ಚರೀಕರಿಸಿ, ಅನಿಲ ತುಂಬಿದ ಬಿಯರನ್ನು ಎಲ್ಲೆಡೆ ಹರಡತೊಡಗಿದವು. ಅದು ಕೆಡುವುದಿಲ್ಲ, ಇಟ್ಟುಕೊಳ್ಳಲು ಜಾಣ್ಮೆಯೂ ಬೇಡ. ಇದಕ್ಕೆ ಎದುರಾಗಿ 1971ರಲ್ಲಿ ನಾಲ್ವರು ಗೆಳೆಯರು ಕೂಡಿ ‘ಕ್ಯಾಮ್ರಾ’ ಎಂಬ ಬಳಕೆದಾರರ ಸಂಘ ಕಟ್ಟಿದರು. ಸರ್ಕಾರವಲ್ಲ, ಪಂಡಿತರಲ್ಲ, ಬರಿಯ ಗಿರಾಕಿಗಳು ಕೇಳಿ ಕೇಳಿ ಒಂದು ರುಚಿಯನ್ನು ಉಳಿಸಿಕೊಂಡರು. ನಮ್ಮಲ್ಲಿ ರಾಜಮುಡಿ ಅಕ್ಕಿಯನ್ನು ಅಂಗಡಿಯಲ್ಲಿ ಹೆಸರು ಹಿಡಿದು ಕೇಳುವವರನ್ನು ಕಂಡಾಗ ನನಗೆ ಇವರ ನೆನಪಾಗುತ್ತದೆ.

ಅದಿರಲಿ. ಆ ಪಬ್ಬಿನಲ್ಲಿ ಕುಳಿತಾಗಲೂ ನನ್ನ ಮನಸ್ಸಿನ ಒಂದು ಮೂಲೆ ಊರಿನಲ್ಲೇ ಇತ್ತು. ನನ್ನ ಏಳನೆಯ ತರಗತಿಯಲ್ಲಿ ಮುತ್ತಿನಂತೆ ಬರೆಯುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳ ತಂದೆಯ ಕೂಲಿ ಪ್ಯಾಕೆಟ್ ಸಾರಾಯಿಗೆ ಹೋಗುತ್ತಿತ್ತು. ಎರಡು ಸಲ ಮನೆಗೆ ಹೋಗಿ ಮಾತಾಡಿದೆ. ಮೂರನೆಯ ಸಲ ಹೋಗುವಾಗ ಅವಳು ತಾಯಿಯೊಂದಿಗೆ ಎಸ್ಟೇಟಿನ ಕೆಲಸಕ್ಕೆ ಸೇರಿಯಾಗಿತ್ತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ನಾನು ಮೊದಲು ನೆನೆದದ್ದು ಅವಳನ್ನು. ಆ ಮೂವತ್ತನಾಲ್ಕು ವರ್ಷಗಳಲ್ಲಿ ಸಾರಾಯಿ ಕುಡಿಯುವವರನ್ನು ಎಷ್ಟೋ ಕಂಡಿದ್ದೇನೆ, ಆದರೆ ಅದರ ರುಚಿಯ ಬಗ್ಗೆ ಒಬ್ಬರೂ ಒಂದು ಮಾತನ್ನಾಡಿದ್ದು ಕೇಳಿಲ್ಲ. ಪ್ಯಾಕೆಟ್ಟಿನ ಮೂಲೆ ಕಚ್ಚಿ ಹರಿದು ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಳ್ಳುವುದಷ್ಟೇ. ನಾಲಿಗೆಗೆ ಅದು ತಾಗುವುದೇ ಬೇಡ ಎಂಬಂತೆ.

ಇದನ್ನು ಹಿರಿಯರಿಗೆ ಹೇಳಿದೆ. ಇಂಗ್ಲಿಷರೂ ಈ ಭೇದವನ್ನು ಮಾಡಿದವರೇ. 1751ರಲ್ಲಿ ಹೋಗಾರ್ತ್ ಎಂಬ ಕಲಾವಿದ ಜೋಡಿ ಚಿತ್ರಗಳನ್ನು ಕೆತ್ತಿ ಪ್ರಕಟಿಸಿದ: ‘ಜಿನ್ ಲೇನ್’ನಲ್ಲಿ ಹಾಳಾದ ಮನೆಗಳು, ತಾಯಿಯ ಕೈಜಾರಿ ಬೀಳುತ್ತಿರುವ ಮಗು, ‘ಬಿಯರ್ ಸ್ಟ್ರೀಟ್’ನಲ್ಲಿ ದುಂಡುದುಂಡಾದ ಸಂತೃಪ್ತ ಜನ. ಆ ಚಿತ್ರದ ಮಾತು ಬಂದಾಗ ಅವರು ತಲೆಯಾಡಿಸಿದರು. “ಚಿತ್ರದಲ್ಲಿ ಸರಿ. ನನ್ನ ಅಪ್ಪ ಬಂದರಿನ ಕೂಲಿ. ಅವನು ಕುಡಿದದ್ದು ಇದೇ ಬಿಯರ್. ಶುಕ್ರವಾರದ ಸಂಬಳ ಶನಿವಾರಕ್ಕೆ ಇರುತ್ತಿರಲಿಲ್ಲ. ನಮ್ಮ ಚಳಿಗಾಲದ ಬೂಟುಗಳಿಗಾಗಿ ಅಮ್ಮ ಹಾಪ್ ಬಿಡಿಸಲು ಬರುತ್ತಿದ್ದಳು.” ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವಳು ಬಿಡಿಸಿದ ಹೂವೇ ಅವನು ಕುಡಿದ ಲೋಟದಲ್ಲಿ ಇದ್ದಿರಬೇಕು. ರುಚಿ ತಿಳಿದವನು ಕೆಡುವುದಿಲ್ಲ ಎಂದು ನನ್ನೊಳಗೆ ಆಗಷ್ಟೇ ರೂಪುಗೊಳ್ಳುತ್ತಿದ್ದ ವಾದವನ್ನು ನಾನು ಅಲ್ಲಿಗೇ ಬಿಟ್ಟೆ. ಆ ಮಗ ಅಪ್ಪ ಕುಡಿದದ್ದನ್ನೇ ವಾರಕ್ಕೊಂದು ಲೋಟ, ಅಮ್ಮನ ಬೆರಳಿನ ವಾಸನೆ ಬರುವ ಈ ಋತುವಿನಲ್ಲಿ ವಿಶೇಷವಾಗಿ, ಹತ್ತು ಎಣಿಸುತ್ತ ಕುಡಿಯುತ್ತಾರೆ. ಇದರಿಂದ ಯಾವ ನೀತಿಪಾಠ ಹೊರಡುತ್ತದೆಂದು ಮೇಷ್ಟ್ರಾಗಿಯೂ ನನಗೆ ಹೇಳಲು ಬರುವುದಿಲ್ಲ.

2020ರ ಮಾರ್ಚ್ 20ರಂದು ಕೊರೋನಾದಿಂದಾಗಿ ಆ ದೇಶದ ಪಬ್ಬುಗಳೆಲ್ಲ ಮುಚ್ಚಿದಾಗ, ಮಾಳಿಗೆಗಳಲ್ಲಿದ್ದ ಬಿಯರನ್ನು ಅಪಾರ ಪ್ರಮಾಣದಲ್ಲಿ ಚರಂಡಿಗೆ ಸುರಿಯಬೇಕಾಯಿತು. ಜೀವಂತ ಪದಾರ್ಥ ಕಾಯುವುದಿಲ್ಲ. ಜುಲೈಯಲ್ಲಿ ಬಾಗಿಲು ತೆರೆದರೂ ಹಿರಿಯರು ಆ ವರ್ಷ ಹೊರಗೆ ಹೋಗಲಿಲ್ಲವೆಂದು ಮಗಳು ತಿಳಿಸಿದಳು. ಮರುವರ್ಷದ ಸೆಪ್ಟೆಂಬರಿನ ಕೊನೆಗೆ ಅವರಿಂದ ನನಗೊಂದು ಅಂಚೆಕಾರ್ಡ್ ಬಂತು: ಹಸಿರು ಹಾಪ್ ಬಂದಿದೆ, ಈ ಸಲ ಕಹಿ ತುಸು ಹೆಚ್ಚು, ಚೆನ್ನಾಗಿದೆ.

ನಾನು ಆಮೇಲೆ ಬಿಯರ್ ಕುಡಿದಿಲ್ಲ, ಬೇಕೆನಿಸಿಲ್ಲ. ಕೊಯ್ಲಿನ ದಿನಗಳಲ್ಲಿ ಮಕ್ಕಳ ಮನೆಗೆಂದು ಆ ಕಡೆ ಹೋಗುವ ಓದುಗರು ಹಾಪ್ ತೋಟವೊಂದನ್ನು ಹುಡುಕಿಕೊಂಡು ಹೋಗಿ. ಕುಡಿಯದವರೂ ತೋಟದವರನ್ನು ಕೇಳಿ ಒಂದು ಹೂವನ್ನು ಅಂಗೈಯಲ್ಲಿ ಉಜ್ಜಿ ಮೂಸಬಹುದು. ಊಟದ ಹೊತ್ತಿಗೆ ಕೈಯನ್ನು ಎರಡು ಸಲ ತೊಳೆಯುವುದು ಒಳ್ಳೆಯದು.