ಕೃಶಾಶ್ವನ ಗದೆ

ವಜ್ರ ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಮೂಗುತಿ. ಪುರಾಣ ಕೇಳಿ ಬೆಳೆದವರಿಗಾದರೆ, ಅದರ ಹಿಂದೆಯೇ ದಧೀಚಿಯ ಮೂಳೆ. ಋಗ್ವೇದದ ಕಾಲಕ್ಕೆ ಅದು ಹೊಳೆಯುವ ಹರಳಲ್ಲ, ಹೊಡೆಯುವ ಆಯುಧ. ತ್ವಷ್ಟೃ ಎಂಬ ದೇವಶಿಲ್ಪಿ ಇಂದ್ರನಿಗೆ ಮಾಡಿಕೊಟ್ಟದ್ದು. ನೂರು ಗಿಣ್ಣಿನದು, ಸಾವಿರ ಮೊನೆಯದು. ನೀರಿಗೆ ಅಡ್ಡಲಾಗಿ ಮಲಗಿದ್ದ ವೃತ್ರನನ್ನು ಇಂದ್ರ ಬಡಿದದ್ದು ಅದರಿಂದಲೇ.

ಇದೇ ಆಯುಧ, ಹೆಚ್ಚು ಕಡಿಮೆ ಇದೇ ಹೆಸರಿನಿಂದ, ಪ್ರಾಚೀನ ಇರಾನಿನವರ ಅವೆಸ್ತಾದಲ್ಲೂ ಇದೆ. ಅಲ್ಲಿ ಅದು 'ವಝ್ರ'. ಅದಕ್ಕೂ ನೂರು ಗುಬುಟು, ನೂರು ಅಲಗು. ಹಳದಿ ಲೋಹದಲ್ಲಿ ಎರಕ ಹೊಯ್ದದ್ದು. ಹಿಡಿದವನು ಮಾತ್ರ ಬೇರೆ, ಮಿಥ್ರ. ನಮ್ಮ ಮಿತ್ರ ಸೌಮ್ಯದೇವತೆ, ಆಯುಧದ ಗೊಡವೆಗೆ ಹೋಗುವವನಲ್ಲ. ಇರಾನಿನ ಮಿಥ್ರ ಕೊಟ್ಟ ಮಾತಿಗೆ ತಪ್ಪಿದವರನ್ನು ರಥವೇರಿ ಅಟ್ಟಿಸಿಕೊಂಡು ಹೋಗುತ್ತಾನೆ. ಹಾಗಾದರೆ ಇಂದ್ರನೆಲ್ಲಿ? ವೆಂದಿದಾದ್ ಎಂಬ ಗ್ರಂಥದಲ್ಲಿ ಅವನ ಹೆಸರಿದೆ, ದುಷ್ಟಶಕ್ತಿಗಳ ಪಟ್ಟಿಯಲ್ಲಿ. ಅವನ 'ವೃತ್ರಹನ್' ಎಂಬ ಬಿರುದು ಮಾತ್ರ ಅಲ್ಲಿ ವೆರೆಥ್ರಘ್ನನೆಂಬ ವಿಜಯದೇವತೆಯ ಹೆಸರಾಗಿ ಪೂಜೆಗೊಳ್ಳುತ್ತದೆ. ಪಾಲಾದ ಮನೆಗಳ ಸಂಗತಿಯೇ ಹೀಗೆ. ಒಬ್ಬನೇ ಹಿರಿಯನ ಹೆಸರು ಒಂದು ಮನೆಯಲ್ಲಿ ಪೂಜೆಗೆ, ಇನ್ನೊಂದರಲ್ಲಿ ಬೈಗುಳಕ್ಕೆ.

ಇದಕ್ಕಿಂತ ಸ್ವಾರಸ್ಯವಾದದ್ದು ಕೃಶಾಶ್ವನ ವಿಷಯ. ರಾಮನನ್ನು ವಿಶ್ವಾಮಿತ್ರನ ಜೊತೆ ಕಳಿಸಲು ದಶರಥ ಹಿಂದೆಮುಂದೆ ನೋಡುವಾಗ ವಸಿಷ್ಠ ಧೈರ್ಯ ಹೇಳುತ್ತಾನೆ: ಈ ಮುನಿಯ ಬಳಿ ಇರುವ ಅಸ್ತ್ರಗಳು ಸಾಮಾನ್ಯದವಲ್ಲ, ಅವು ಕೃಶಾಶ್ವನ ಮಕ್ಕಳು. ದಕ್ಷನ ಪುತ್ರಿಯರಾದ ಜಯಾ ಮತ್ತು ಸುಪ್ರಭೆ ಐವತ್ತೈವತ್ತರಂತೆ ಹೆತ್ತ ನೂರು ಅಸ್ತ್ರಗಳು! ತಂದೆಯ ಪಾತ್ರ ಅಲ್ಲಿಗೇ ಮುಗಿಯಿತು. ಆಯುಧಗಳಿಗೆಲ್ಲ ತಂದೆಯಾಗಲು ಅವನು ಮಾಡಿದ್ದಾದರೂ ಏನು ಎಂಬುದನ್ನು ವಸಿಷ್ಠ ಹೇಳುವುದಿಲ್ಲ.

ಅವೆಸ್ತಾದಲ್ಲಿ ಕೆರೆಸಾಸ್ಪ ಎಂಬ ವೀರನಿದ್ದಾನೆ. ಅಕ್ಷರಕ್ಕೆ ಅಕ್ಷರ ಕೃಶಾಶ್ವ. ಬಡಕಲು ಕುದುರೆಗಳವನು ಎಂದೇ ಅರ್ಥ. ಅವನ ವಿಶೇಷಣ 'ಗಧವರ', ಅಂದರೆ ಗದಾಧರ. ಇಬ್ಬರೂ ಒಬ್ಬನೇ ಎಂದು ಹಟ ಹಿಡಿಯುವಷ್ಟು ಆಧಾರವಿಲ್ಲ. ಆದರೆ ಹೆಸರು ಒಂದೇ, ಕೈಗೆ ಅಂಟಿದ ಆಯುಧದ ನಂಟೂ ಒಂದೇ.

ಈ ಕೆರೆಸಾಸ್ಪ ಒಂದು ಮಧ್ಯಾಹ್ನ ಅಡುಗೆಗೆಂದು ಕಬ್ಬಿಣದ ಹಂಡೆ ಇಟ್ಟ. ಇಟ್ಟದ್ದು ಕುದುರೆಗಳನ್ನೂ ಮನುಷ್ಯರನ್ನೂ ನುಂಗುವ ಕೊಂಬಿನ ಮಹಾಸರ್ಪದ ಬೆನ್ನ ಮೇಲೆ. ಕಾವು ಏರಿತು, ಸರ್ಪ ಬೆವರಿತು, ಹಂಡೆಯಡಿಯಿಂದ ನೆಗೆದು ಕುದಿನೀರು ಚೆಲ್ಲಿತು. ವೀರ ಹೆದರಿ ಓಡಿದ. ಹಾಗೆ ಓಡುವವನನ್ನೂ ಗ್ರಂಥ ಅದೇ ಉಸಿರಿನಲ್ಲಿ 'ಗಂಡೆದೆಯವನು' ಎಂದೇ ಕರೆಯುತ್ತದೆ. ಮುಂದೆ ಅವನು ಸರ್ಪವನ್ನು ಕೊಂದದ್ದು ನಿಜ, ಆದರೆ ಈ ಓಟವನ್ನು ಮುಚ್ಚಿಡಬೇಕೆಂದು ಹಾಡಿದವರಿಗೆ ಅನಿಸಲಿಲ್ಲ.

ಅವನಿಗೆ ಮುಳುವಾದದ್ದೂ ಅಡುಗೆಯೇ. ಒಲೆ ಹತ್ತುವುದು ತಡವಾಯಿತೆಂದು ಸಿಟ್ಟಿಗೆದ್ದು ಬೆಂಕಿಗೇ ಗದೆ ಬೀಸಿದನಂತೆ. ಬೆಂಕಿಯನ್ನು ಅಹುರ ಮಜ್ದಾನ ಮಗನೆಂದು ನಂಬಿದವರಿಗೆ ಇದಕ್ಕಿಂತ ಘೋರವಾದದ್ದು ಇನ್ನೇನಿದೆ? ಸತ್ತ ಮೇಲೆ ಅವನ ಆತ್ಮ ಸ್ವರ್ಗದ ಬಾಗಿಲಲ್ಲಿ ನಿಂತು ತಾನು ಕೊಂದ ರಾಕ್ಷಸರನ್ನು ಒಬ್ಬೊಬ್ಬರನ್ನಾಗಿ ಲೆಕ್ಕ ಕೊಟ್ಟಿತು. ಬೆಂಕಿ ಒಪ್ಪಲಿಲ್ಲ. ಕೊನೆಗೆ ಜರತುಷ್ಟ್ರನೇ ಬೇಡಿಕೊಂಡ ಮೇಲೆ ಸಿಟ್ಟು ಇಳಿಸಿತು ಎಂದು ಪಹ್ಲವಿ ಭಾಷೆಯ ಕಥೆ.

ಆ ವಝ್ರವೇ ಪಾರಸಿಯಲ್ಲಿ 'ಗುರ್ಜ್' ಆಯಿತು. ಪಾರ್ಸಿ ಹುಡುಗ ಪುರೋಹಿತನಾಗುವ ನಾವರ್ ಸಂಸ್ಕಾರದ ಮೆರವಣಿಗೆಯಲ್ಲಿ ಇಂದಿಗೂ ಅದನ್ನು ಹಿಡಿದು ನಡೆಯುತ್ತಾನೆ. ಬೆಂಕಿಯ ಸೇವೆಗೆ ಹೊರಟವನ ಕೈಯಲ್ಲಿ ಗದೆ!

ಕೆರೆಸಾಸ್ಪನ ದೇಹ ಮಾತ್ರ ಇನ್ನೂ ಅಳಿದಿಲ್ಲವಂತೆ. ಎಲ್ಲೋ ನಿದ್ರೆಯಲ್ಲಿದೆ, 99,999 ಪುಣ್ಯಾತ್ಮಗಳು ಅದನ್ನು ಕಾಯುತ್ತಿವೆ. ದೆಮಾವಂದ್ ಬೆಟ್ಟಕ್ಕೆ ಕಟ್ಟಿಹಾಕಿರುವ ಅಝಿ ದಹಾಕ ಯುಗಾಂತ್ಯದಲ್ಲಿ ಸಂಕೋಲೆ ಹರಿದು ಎದ್ದಾಗ ಅವನನ್ನು ಎಬ್ಬಿಸುತ್ತಾರೆ. ಗದೆ ಆಗ ಬೇಕಾಗುತ್ತದೆ.