ಚೆನ್ನಾಗಿದ್ದೇನೆ

"ಹೇಗಿದ್ದೀರಿ?" ಎಂದು ಕೇಳಿದವರಿಗೆ "ಚೆನ್ನಾಗಿದ್ದೇನೆ" ಎನ್ನುವುದು ಮರ್ಯಾದೆ. ಹಲ್ಲುನೋವಿರಲಿ, ಸಾಲವಿರಲಿ, ಮನೆಯಲ್ಲಿ ಮುನಿಸಿರಲಿ, ಉತ್ತರ ಬದಲಾಗಕೂಡದು. ಕೇಳಿದವರಿಗೆಲ್ಲ ನಿಜವನ್ನೇ ಹೇಳುವ ಮನುಷ್ಯ ಎದುರಿಗೆ ಬಂದರೆ ಜನ ಬೀದಿಯ ಆಚೆ ಬದಿಗೆ ದಾಟುತ್ತಾರೆ. ಈ ಮರ್ಯಾದೆ ಹಾದಿಬೀದಿಗೆ ಒಪ್ಪುತ್ತದೆ. ಅದನ್ನೇ ಆಸ್ಪತ್ರೆಯೊಳಕ್ಕೂ ಹೊತ್ತುಕೊಂಡು ಹೋದರೆ ಏನಾಗುತ್ತದೆಂಬುದನ್ನು ಪುಲಿಕೇಶಿನಗರದ ಒಬ್ಬ ನಿವೃತ್ತ ಉಪಾಧ್ಯಾಯಿನಿ ತಮ್ಮ ಕೈಬೆರಳುಗಳಿಂದಲೇ ಕಲಿತರು.

ಪುಲಿಕೇಶಿನಗರ ಹುಟ್ಟಿದ್ದೇ ರೋಗದ ಭಯದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ, ದಂಡಿನ ಇಕ್ಕಟ್ಟಾದ ಕೇರಿಗಳಿಂದ ಹೊರಗೆ, ಗಾಳಿ ಬೆಳಕು ಧಾರಾಳವಾಗಿ ಆಡುವಂತೆ ಕಟ್ಟಿದ ಬಡಾವಣೆ ಅದು. ಮೊದಲು ಅದಕ್ಕೆ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯ ಹೆಸರಿತ್ತು. ಆಮೇಲೆ ಚಾಲುಕ್ಯ ದೊರೆಯ ಹೆಸರು ಬಂದಿತು. ಮಾಸ್ಕ್ ರೋಡಿನಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ಟೀಚರಮ್ಮನವರ ಮನೆ. ಬಹುಕಾಲ ಶಿವಾಜಿನಗರದ ಮಕ್ಕಳಿಗೆ ಕನ್ನಡ ಕಲಿಸಿ, ಕಾಗುಣಿತ ತಪ್ಪಿದವರ ಕಿವಿ ಹಿಂಡಿ, ಈಗ ಮಗಳೊಡನೆ ಇದ್ದಾರೆ.

ಅವರಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿದಾಗ ಅತ್ತವಳು ಮಗಳು, ತಾಯಿಯಲ್ಲ. ಶಸ್ತ್ರಚಿಕಿತ್ಸೆಯಾಯಿತು. ಅನಂತರ ಮೂರು ವಾರಕ್ಕೊಮ್ಮೆ ರಕ್ತನಾಳದೊಳಕ್ಕೆ ಮದ್ದು ಹನಿಸುವ ಕೀಮೋಥೆರಪಿ. ಪ್ರತಿಬಾರಿಯೂ ವೈದ್ಯರು ತಲೆಯೆತ್ತಿ "ಹೇಗಿದ್ದೀರಮ್ಮ?" ಎಂದು ಕೇಳುವರು. "ಚೆನ್ನಾಗಿದ್ದೇನೆ ಡಾಕ್ಟ್ರೇ" ಎಂದು ಇವರು ನಗುವರು. ವೈದ್ಯರು ಹಾಗೆಯೇ ಬರೆದುಕೊಳ್ಳುವರು.

ಮನೆಯಲ್ಲಿ ಕಂಡ ಚಿತ್ರವೇ ಬೇರೆ. ಕಾಫಿಯ ಲೋಟ ಎರಡು ಸಲ ಕೈಜಾರಿ ಬಿದ್ದಿತು. ರವಿಕೆಯ ಗುಂಡಿ ಹಾಕಲು ಕಾಲು ಗಂಟೆ ಹಿಡಿಯಿತು. ಬಾಗಿಲ ಮುಂದಿನ ರಂಗೋಲಿ ಮೊದಲು ಚಿಕ್ಕದಾಯಿತು. ಒಂದು ದಿನ ನಿಂತೇಹೋಯಿತು. ಎಳೆ ಎಳೆಯುವ ಬೆರಳಿಗೆ ಪುಡಿ ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ.

"ಡಾಕ್ಟರಿಗೆ ಯಾಕಮ್ಮ ಹೇಳಲಿಲ್ಲ?" ಎಂದು ಮಗಳು ಕೇಳಿದಳು.

"ಹೊರಗೆ ಅಷ್ಟು ಜನ ಕಾದಿರ್ತಾರೆ. ನನ್ನ ಬೆರಳಿನ ಪುರಾಣ ಅವರಿಗೇಕೆ?"

ಬಹಳ ಹೊತ್ತಿನ ಮೇಲೆ ಇನ್ನೊಂದು ಮಾತು ಬಂದಿತು. "ಹೇಳಿದರೆ ಔಷಧಿ ನಿಲ್ಲಿಸಿಬಿಟ್ಟರೆ?"

ಇದು ಆಕೆಯೊಬ್ಬರ ಭಯವಲ್ಲ. ಚಿಕಿತ್ಸೆಯ ತೊಂದರೆಗಳನ್ನು ರೋಗಿಗಳು ನುಂಗಿಕೊಳ್ಳುವುದೂ, ವೈದ್ಯರ ಲೆಕ್ಕದಲ್ಲಿ ಅವು ನಿಜಕ್ಕಿಂತ ಕಡಿಮೆಯಾಗಿ ಕಾಣುವುದೂ ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. 1940ರ ದಶಕದಲ್ಲಿ ಅಮೆರಿಕದ ಕಾರ್ನಾಫ್‌ಸ್ಕಿ ಎಂಬ ವೈದ್ಯ, ಕ್ಯಾನ್ಸರ್ ರೋಗಿ ಎಷ್ಟುಮಟ್ಟಿಗೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲನೆಂಬುದಕ್ಕೆ ನೂರರೊಳಗೆ ಅಂಕ ಕೊಡುವ ಪದ್ಧತಿಯನ್ನು ತಂದರು. ಆದರೆ ಅಂಕ ಕೊಡುವವರು ವೈದ್ಯರೇ. ರೋಗಿಯೇ ತನ್ನ ಸ್ಥಿತಿಯನ್ನು ಹೇಳಲಿ, ಆ ಮಾತನ್ನೇ ಅಳತೆಯೆಂದು ಎಣಿಸೋಣ ಎಂಬ ವಿಚಾರ ಬಲಿಯಲು ದಶಕಗಳೇ ಹಿಡಿದವು. ಯೂರೋಪಿನ ಸಂಶೋಧಕರು ಸಿದ್ಧಪಡಿಸಿದ ಮೂವತ್ತು ಪ್ರಶ್ನೆಗಳ ಒಂದು ಪಟ್ಟಿ 1993ರಲ್ಲಿ ಪ್ರಕಟವಾಗಿ ಜಗತ್ತಿನ ಹಲವಾರು ಭಾಷೆಗಳಿಗೆ ಹೋಗಿದೆ. ನಿದ್ದೆ ಬಂದಿತೆ, ನೋವು ದಿನದ ಕೆಲಸಕ್ಕೆ ಅಡ್ಡಬಂದಿತೆ, ಮನಸ್ಸು ಕುಗ್ಗಿತೆ, ಕೈಯಲ್ಲಿ ಹಣ ಸಾಲದಾಯಿತೆ ಎಂದು ಅದು ಕೇಳುತ್ತದೆ.

ಇಂಥ ಪ್ರಶ್ನೆಗಳಿಂದ ಪ್ರಯೋಜನವೇನೆಂಬುದಕ್ಕೆ ನ್ಯೂಯಾರ್ಕಿನಲ್ಲಿ ನಡೆದ ಒಂದು ಪರೀಕ್ಷೆ ಉತ್ತರ ಕೊಟ್ಟಿತು. ರೋಗ ದೇಹದಲ್ಲಿ ಹರಡಿದ್ದ 766 ಮಂದಿಯಲ್ಲಿ ಕೆಲವರು ತಮ್ಮ ತೊಂದರೆಗಳನ್ನು ಆಗಾಗ ತಾವೇ ಗಣಕದಲ್ಲಿ ದಾಖಲಿಸಿದರು. ತೊಂದರೆ ಹೆಚ್ಚಿದಾಗ ದಾದಿಯರಿಗೆ ಸುದ್ದಿ ಮುಟ್ಟಿತು. ಉಳಿದವರಿಗೆ ವಾಡಿಕೆಯ ಆರೈಕೆ. 2017ರಲ್ಲಿ ಫಲಿತಾಂಶ ಬಂದಾಗ, ಹೇಳಿಕೊಂಡವರ ಬದುಕಿನ ಮಧ್ಯಮ ಅವಧಿ 31.2 ತಿಂಗಳು, ಉಳಿದವರದು 26. ಬರಿಯ ಕೇಳುವಿಕೆ ಐದು ತಿಂಗಳ ಆಯುಸ್ಸನ್ನು ತಂದಿತ್ತು.

ಬೆಂಗಳೂರಿನಲ್ಲಿ ಎಣಿಕೆಯ ಕೆಲಸ ಹಳೆಯದು. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ದಾಖಲಾತಿ 1982ರಿಂದ ಈ ನಗರದ ರೋಗಿಗಳ ಲೆಕ್ಕವಿಟ್ಟಿದೆ. ಯಾರಿಗೆ, ಯಾವ ವಯಸ್ಸಿನಲ್ಲಿ, ದೇಹದ ಯಾವ ಭಾಗದಲ್ಲಿ ರೋಗ ಬಂದಿತೆಂಬುದು ಆ ಲೆಕ್ಕದಿಂದ ತಿಳಿಯುತ್ತದೆ. ಅವರು ಆ ದಿನಗಳನ್ನು ಹೇಗೆ ಕಳೆದರೆಂಬುದನ್ನು ಅವರೇ ಹೇಳಬೇಕು.

ಟೀಚರಮ್ಮನವರ ಸರದಿಯೂ ಬಂದಿತು. ಒಂದು ದಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಎಳೆಯ ಸಂಶೋಧಕಿಯೊಬ್ಬಳು ಪ್ರಶ್ನೆಗಳ ಹಾಳೆಯನ್ನು ಕೈಗಿತ್ತು, "ಇದಿನ್ನೂ ಕರಡು ಮೇಡಂ. ಓದಿ, ಅರ್ಥವಾಗದ್ದನ್ನು ಗುರುತುಮಾಡಿ" ಎಂದಳು. ಅನುವಾದದ ಕ್ರಮವೇ ಹಾಗೆ. ಇಬ್ಬರು ಬೇರೆಬೇರೆಯಾಗಿ ಕನ್ನಡಿಸುತ್ತಾರೆ. ಮೂರನೆಯವರು ಅದನ್ನು ಮತ್ತೆ ಮೂಲಭಾಷೆಗೆ ತಿರುಗಿಸಿ ಹೋಲಿಸುತ್ತಾರೆ. ಕಟ್ಟಕಡೆಗೆ ರೋಗಿಗಳೇ ಓದಿ ನೋಡಬೇಕು.

ಟೀಚರಮ್ಮ ಕನ್ನಡಕ ಏರಿಸಿದರು. ಒಂಬತ್ತನೆಯ ಪ್ರಶ್ನೆಯ ಬಳಿ ನಿಂತರು: "ಹಸ್ತಪಾದಗಳಲ್ಲಿ ಸಂವೇದನಾಶೂನ್ಯತೆಯ ಅನುಭವವಿದೆಯೆ?"

"ಇದು ಯಾರ ಮನೆಯ ಕನ್ನಡವಮ್ಮ?" ಎಂದರು. ಪೆನ್ನು ಕೇಳಿ ಪಡೆದು, ಸಾಲನ್ನು ಹೊಡೆದುಹಾಕಿ, ಮೇಲೆ ಬರೆಯತೊಡಗಿದರು: "ಕೈಕಾಲು ಜೋಮು ಹಿಡಿಯುತ್ತದೆಯೆ?" ಅಕ್ಷರಗಳು ಸೊಟ್ಟಗೆ ಬಂದವು. ಕರಿಹಲಗೆಯ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಕೈ ಅದು. ತಾವು ಬರೆದ ಸಾಲನ್ನು ತಾವೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದರ ಮುಂದೆ ನಾಲ್ಕು ಉತ್ತರಗಳಿದ್ದವು: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ಬಹಳ. ಟೀಚರಮ್ಮ "ಬಹಳ" ಎಂಬುದಕ್ಕೆ ಗುರುತು ಹಾಕಿದರು.

ಆ ಹಾಳೆ ವೈದ್ಯರ ಮೇಜಿಗೆ ಹೋಯಿತು. ಅವರು ಮೊದಲ ಬಾರಿಗೆ ಆಕೆಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆ ಔಷಧಿ ನರಗಳನ್ನು ಹೀಗೆ ಬಾಧಿಸುವುದುಂಟು, ಮುಂದುವರಿದರೆ ಜೋಮು ಶಾಶ್ವತವಾಗಿ ಉಳಿಯಬಹುದು, ಔಷಧಿ ನಿಲ್ಲಿಸಬೇಕಾಗಿಲ್ಲ, ಪ್ರಮಾಣ ತಗ್ಗಿಸಿ ನೋಡೋಣ ಎಂದರು. "ಮೊದಲೇ ಹೇಳಬಾರದಿತ್ತೆ?" ಎಂದು ಅವರು ಕೇಳಿದಾಗ ಟೀಚರಮ್ಮ ಪಾಠ ಒಪ್ಪಿಸಲಾಗದ ಹುಡುಗಿಯಂತೆ ತಲೆ ತಗ್ಗಿಸಿದರು.

ಈ ದೇಶದ ನಿಯಮದಂತೆ, ಮನುಷ್ಯರ ಮೇಲೆ ನಡೆಯುವ ಸಂಶೋಧನೆಯನ್ನು ಪರಿಶೀಲಿಸುವ ನೀತಿಸಮಿತಿಯಲ್ಲಿ ವೈದ್ಯರಲ್ಲದ, ವಿಜ್ಞಾನಿಯಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಟೀಚರಮ್ಮನವರಿಗೆ ಅಂಥ ಪದವಿಯೇನೂ ಬಂದಿಲ್ಲ. ಆದರೆ ಸಂಶೋಧಕಿ ಹೊಸ ಹಾಳೆಗಳನ್ನು ಹಿಡಿದು ಮನೆಗೆ ಬರುತ್ತಾಳೆ. ಕಾಫಿಯಾದ ಮೇಲೆ ತಿದ್ದುಪಾಟು ನಡೆಯುತ್ತದೆ. ಬೆರಳುಗಳಿಗೆ ಅರಿವು ಅರ್ಧದಷ್ಟು ಮರಳಿದೆ. ಪೂರ್ತಿ ಮರಳುವುದೆಂದು ವೈದ್ಯರು ಮಾತು ಕೊಟ್ಟಿಲ್ಲ. ಬಾಗಿಲ ಮುಂದೆ ಐದು ಚುಕ್ಕಿಯ ರಂಗೋಲಿ ಬಿದ್ದಿದೆ.

ಮೊನ್ನೆ ಗೇಟಿನ ಬಳಿ ಎದುರುಮನೆಯಾಕೆ "ಹೇಗಿದ್ದೀರಿ ಟೀಚರ್?" ಎಂದರು. "ಚೆನ್ನಾಗಿದ್ದೇನಮ್ಮ" ಎಂದು ನಕ್ಕು, ಟೀಚರಮ್ಮ ಆಟೋ ಹತ್ತಿದರು. ಆಸ್ಪತ್ರೆಗೆ ಹೊತ್ತಾಗಿತ್ತು. ಆ ವಾರ ಡಾಕ್ಟರಿಗೆ ಹೇಳಬೇಕಾದ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದು ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು.